ಜಗಲಿಯಲ್ಲಿ 200, ಅಡುಗೆಮನೆಯಲ್ಲಿ ಸೊನ್ನೆ

ಫೈಬರ್ ಕನೆಕ್ಷನ್ ಕೊಡುವವರಿಗೆ ಒಂದು ಪ್ರಶ್ನೆ. ನಿಮ್ಮ ಲೆಕ್ಕದಲ್ಲಿ ಮನೆ ಅಂದರೆ ಬರೀ ಜಗಲಿ ಮಾತ್ರವಾ?

ನಮ್ಮದು ವಿರಾಜಪೇಟೆ ಹತ್ತಿರದ ಹಳೇ ತೋಟದ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮಳೆಗಾಲಕ್ಕೆ ಅಂತ ಹಿಂದಿನ ಅಂಗಳಕ್ಕೆ ತಗಡಿನ ಶೀಟು. ಮೊಬೈಲ್ ನೆಟ್‌ವರ್ಕ್ ಬೇಕು ಅಂದರೆ ಕಾಫಿ ಕಣದ ಆಚೆ ಮೂಲೆಗೆ ಹೋಗಿ ನಿಲ್ಲಬೇಕು. ಅದಕ್ಕೇ ಫೈಬರ್ ಹಾಕಿಸಿದ್ದು. ಬಂದ ಹುಡುಗ ಕಿಟಕಿ ಸಂದಿಯಲ್ಲಿ ವೈರ್ ತೂರಿಸಿ, ಜಗಲಿಯ ಮೂಲೆಯಲ್ಲಿ, ಟಿವಿ ಹಿಂದೆ, ನೆಲದಿಂದ ಒಂದು ಗೇಣು ಮೇಲೆ ರೂಟರ್ ಇಟ್ಟ. "ನಡುಮನೆಗೆ ಎಳೆದುಕೊಡು ಮಾರಾಯ" ಎಂದೆ. "ಕೇಬಲ್ ಸಾಲಲ್ಲ ಸಾರ್, ಇಲ್ಲೇ ಫುಲ್ ಬರುತ್ತೆ" ಎಂದ. ರೂಟರ್ ಮೂಗಿಗೇ ಮೊಬೈಲ್ ಹಿಡಿದು ಸ್ಪೀಡ್ ಟೆಸ್ಟ್ ಮಾಡಿದ. 200 ಎಂಬಿಪಿಎಸ್ ತೋರಿಸಿತು. ಸ್ಕ್ರೀನ್‌ಶಾಟ್ ತೆಗೆದು, ಕೆಲಸ ಮುಗಿಯಿತು ಅನ್ನುವುದಕ್ಕೆ ಓಟಿಪಿ ಕೇಳಿ, ಬೈಕ್ ಹತ್ತಿ ಹೋದ.

ಎರಡು ಗೋಡೆ ದಾಟಿದರೆ ಮುಗೀತು ಕಥೆ. ಅಡುಗೆಮನೆಯಲ್ಲಿ ವೈಫೈ ಗುರುತಿನ ಒಂದೇ ಒಂದು ಗೆರೆ, ಅದೂ ಬಂದು ಬಂದು ಹೋಗುತ್ತದೆ. ಮಗಳದ್ದು ಮನೆಯಿಂದಲೇ ಕೆಲಸ, ಅವಳ ರೂಮು ಹಿಂದುಗಡೆ. ಮೀಟಿಂಗ್ ಮಧ್ಯೆ ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಓಡುತ್ತಾಳೆ. ಅಲ್ಲಿ ಅವಳ ಅಜ್ಜಿ ಧಾರಾವಾಹಿ ಜೋರಾಗಿ ಹಾಕಿಕೊಂಡು ಕೂತಿರುತ್ತಾರೆ. ದುಡ್ಡು ಕಟ್ಟುವುದು ಇಡೀ ಮನೆಗೆ, ನೆಟ್ ಸಿಗುವುದು ಟಿವಿ ಸ್ಟ್ಯಾಂಡಿಗೆ!

ಫೋನ್ ಮಾಡಿದರೆ, "ನಮ್ಮ ಕಡೆ ಸ್ಪೀಡ್ ಸರಿಯಿದೆ ಸಾರ್, ನೀವು 5 ಗಿಗಾಹರ್ಟ್ಸ್‌ಗೆ ಕನೆಕ್ಟ್ ಮಾಡಿಕೊಳ್ಳಿ" ಅಂತ ಉತ್ತರ. ಮೈ ಉರಿಯಿತು. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡು, ಅಂದರೆ ಎರಡು ದಾರಿ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ, ನಿಜ. ಆದರೆ ಗೋಡೆ ಅಡ್ಡ ಬಂದರೆ 2.4ಕ್ಕಿಂತ ಮೊದಲು ಸುಸ್ತಾಗುವುದೂ ಅದೇ. ಇನ್ನೊಂದು ಸಲ ಮಾತಾಡಿದಾಕೆ 300ರ ಪ್ಲಾನ್ ತಗೊಳ್ಳಿ ಎಂದಳು. ಅಲ್ಲಮ್ಮಾ, 200 ದಾಟದ ಗೋಡೆಯನ್ನು 300 ದಾಟುತ್ತಾ? ಪ್ಲಾನ್ ದೊಡ್ಡದಾದರೆ ಬಿಲ್ ದೊಡ್ಡದಾಗುತ್ತದೆ, ರೂಟರಿನ ಸಿಗ್ನಲ್ ಅಷ್ಟೇ ಇರುತ್ತದೆ.

ಅಂಗಡಿಯವನದ್ದು ಬೇರೆಯೇ ರಾಗ. "ರಿಪೀಟರ್ ಹಾಕಿ ಸಾರ್, ಸುಮ್ನೆ ಪ್ಲಗ್ಗಿಗೆ ಸಿಕ್ಕಿಸಿದರೆ ಆಯ್ತು." ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಡಬ್ಬ ಅದು. ಸಿಕ್ಕಿಸಿದೆವು. ಅಡುಗೆಮನೆಯಲ್ಲಿ ಗೆರೆಗಳೆಲ್ಲ ತುಂಬಿದವು. ಫೋನ್ ನೋಡಿದರೆ ಹಬ್ಬ, ಆದರೆ ಒಂದು ವಿಡಿಯೋನೂ ಓಡಲ್ಲ! ಆ ಗೆರೆಗಳು ಫೋನಿಗೂ ರಿಪೀಟರಿಗೂ ನಡುವಿನ ಸಿಗ್ನಲ್ ಮಾತ್ರ ತೋರಿಸುವುದು. ರೂಟರಿನಿಂದ ರಿಪೀಟರಿಗೇ ಸರಿಯಾಗಿ ಬರದಿದ್ದರೆ ಅದು ಏನನ್ನು ಮುಂದಕ್ಕೆ ಕೊಡಬೇಕು? ಮೇಲಾಗಿ ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಿ. ಅಲ್ಲೇ ಅರ್ಧ ಸ್ಪೀಡ್ ಹೋಯಿತು. ವಾಪಸ್ ಕೊಡಲು ಹೋದರೆ, "ಹಾಗಾದರೆ ಮೆಶ್ ತಗೊಳ್ಳಿ" ಅಂತ ಅದರ ನಾಲ್ಕು ಪಟ್ಟು ಬೆಲೆಯ, ಮನೆಯಲ್ಲಿ ಅಲ್ಲಲ್ಲಿ ಇಡುವ ವೈಫೈ ಡಬ್ಬಗಳ ಸೆಟ್ ತೋರಿಸಿದ. ಅದೂ ಗಾಳಿಯಲ್ಲೇ ಮಾತಾಡುವುದಾದರೆ ಅದೇ ಗೋಡೆ ದಾಟಬೇಕಲ್ವಾ ಸ್ವಾಮಿ?

ಇದಕ್ಕೆ ಔಷಧಿ ಇಲ್ಲ ಅಂತಲ್ಲ. ರೂಟರ್ ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ಟಿವಿ, ಫ್ರಿಜ್ಜು, ಕಬ್ಬಿಣದ ಬೀರುಗಳಿಂದ ದೂರ ಇರಬೇಕು. ಹಿಂದಿನ ರೂಮುಗಳಿಗೆ ರೂಟರಿನಿಂದ ಒಂದು ಕ್ಯಾಟ್ 6 ವೈರ್ (ನೆಟ್ ಸಾಗಿಸುವ ಕೇಬಲ್) ಎಳೆದು, ಆ ತುದಿಗೆ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ಅಲ್ಲಿ ವೈಫೈಯಾಗಿ ಹರಡುವ ಹಾಗೆ ಮಾಡಿ ಇಟ್ಟರೆ ಆಯಿತು. ಆ ವೈರ್ 100 ಮೀಟರ್‌ವರೆಗೆ ಆರಾಮಾಗಿ ಕೆಲಸ ಮಾಡುತ್ತದೆ. ನಮ್ಮ ಮನೆ ಎಷ್ಟೇ ಉದ್ದ ಇದ್ದರೂ ಅಷ್ಟಿಲ್ಲ. ಹೊರಗೋಡೆಯ ಮೇಲೆ ಬೇಡ, ಸಿಡಿಲಿನ ಭಯ. ಅಟ್ಟದ ಮೇಲಿಂದ ತರಬೇಕು. ಇಷ್ಟನ್ನು ಕನೆಕ್ಷನ್ ಕೊಟ್ಟವರೂ ಹೇಳಲಿಲ್ಲ, ಡಬ್ಬ ಮಾರಿದವನೂ ಹೇಳಲಿಲ್ಲ. ಹೇಳಿದರೆ ಮಾರುವುದಕ್ಕೆ ಏನೂ ಉಳಿಯಲ್ಲವಲ್ಲ!

ಈಗ ವೈರ್ ಸುರುಳಿ ತಂದಿಟ್ಟಿದ್ದೇನೆ. ಎಳೆಯುವವರಿಲ್ಲ. ಕನೆಕ್ಷನ್‌ನವರು "ಅದು ನಮ್ಮ ಕೆಲಸ ಅಲ್ಲ" ಎಂದರು. ಎಲೆಕ್ಟ್ರಿಷಿಯನ್ "ಮಳೆ ನಿಲ್ಲಲಿ ಸಾರ್, ಬರ್ತೀನಿ" ಎಂದ. ಜುಲೈ ತಿಂಗಳು, ಕೊಡಗು, ಮಳೆ ನಿಲ್ಲಬೇಕಂತೆ!

ಅಕ್ಕಪಕ್ಕದ ತೋಟದವರು ಯಾರಾದರೂ ಹೊಸದಾಗಿ ಹಾಕಿಸುವುದಿದ್ದರೆ ಕೇಳಿ. ಆ ಹುಡುಗನನ್ನು ಕೈಹಿಡಿದು ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ. ಸ್ಪೀಡ್ ಟೆಸ್ಟ್ ಅಲ್ಲಿ ಮಾಡಿಸಿ. ಆಮೇಲೆ ಓಟಿಪಿ ಹೇಳಿ.