ಪಟ್ಟಾಂಗಕ್ಕೆ 45 ನಿಮಿಷ

ಮಂಗಳೂರಿನ ಆ ಹೊಸ ಕೆಫೆಯ ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಬಂದಿಲ್ಲವೆಂದರೆ ನಿಮ್ಮ ಗೆಳೆಯರಿಗೆ ಮಾಡಲು ಬೇರೆ ಕೆಲಸ ಉಂಟು ಅಂತ ಅರ್ಥ, ನೀವು ಅದೃಷ್ಟವಂತರು. ಗೋಡೆ ತುಂಬ ಪುಸ್ತಕ. ಪುಸ್ತಕದ ಕೆಳಗೆ ಒಂದು ಚೀಟಿ: ದಯವಿಟ್ಟು ಮುಟ್ಟಬೇಡಿ. ಟೇಬಲಿನ ಮೇಲೆ ಇನ್ನೊಂದು ಚೀಟಿ: ಒಂದು ಟೇಬಲಿಗೆ 45 ನಿಮಿಷ, ಆಮೇಲೂ ಕೂರಬೇಕಾದರೆ ಮತ್ತೆ ಆರ್ಡರ್ ಮಾಡಿ. ಇವೆರಡರ ನಡುವೆ ಗುಲಾಬಿ ಬಣ್ಣದ ನಿಯಾನ್ ದೀಪದಲ್ಲಿ 'ಕಾಫಿ, ಬುಕ್ಸ್, ಕಾನ್ವರ್ಸೇಷನ್ಸ್' ಅಂತ ಉರಿಯುತ್ತಿದೆ.

ಎಲ್ಲರೂ ನಗುತ್ತಿದ್ದಾರೆ. ನಾನು ನಗುವುದಿಲ್ಲ. ಇಷ್ಟು ಪ್ರಾಮಾಣಿಕವಾದ ಅಂಗಡಿ ನಮ್ಮ ಜಿಲ್ಲೆಯಲ್ಲಿ ಬೇರೆ ಎಲ್ಲುಂಟು ಹೇಳಿ. ಶೋಕೇಸಿನಲ್ಲಿ ಪುಸ್ತಕ ಜೋಡಿಸಿ, ಗಾಜಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಎಲ್ಲಿಟ್ಟೆವು ಅಂತ ಮರೆತವರು ನಾವು. ಅವರು ಕನಿಷ್ಠ ಚೀಟಿ ಅಂಟಿಸಿ ಹೇಳಿದ್ದಾರೆ.

ಆ ಗೋಡೆಯಲ್ಲಿ ಏನೇನುಂಟು ಅಂತ ಕೈ ಹಿಂದೆ ಕಟ್ಟಿಕೊಂಡು ನೋಡಿ ಬಂದೆ. ಹಳೇ ಲಾ ರಿಪೋರ್ಟಿನ ಸಂಪುಟಗಳು. ಮೆಡಿಕಲ್ ಹುಡುಗರು ಪರೀಕ್ಷೆ ಮುಗಿದ ಖುಷಿಯಲ್ಲಿ ಗುಜರಿಗೆ ಹಾಕಿದ ದಪ್ಪ ದಪ್ಪ ಪುಸ್ತಕಗಳು. ಯಾವುದೋ ಬ್ಯಾಂಕಿನ ಪರೀಕ್ಷೆಯ ಗೈಡು. ಕನ್ನಡ ಪುಸ್ತಕ ಒಂದೂ ಇಲ್ಲ, ಬಹುಶಃ ನಮ್ಮ ಪ್ರಕಾಶಕರ ರಕ್ಷಾಪುಟಗಳು ಗೋಡೆಯ ಪೇಂಟಿಗೆ ಮ್ಯಾಚ್ ಆಗಲಿಲ್ಲ. ಹೌದು, ಜೋಡಿಸಿದ್ದು ಬಣ್ಣದ ಪ್ರಕಾರ. ನೀಲಿ ಒಂದು ಕಡೆ, ಕೆಂಪು ಒಂದು ಕಡೆ. ಮೂತ್ರಪಿಂಡದ ಕಾಯಿಲೆಯೂ ಮೂಡಿಗೆರೆಯ ಯಾರದೋ ಜಮೀನು ವ್ಯಾಜ್ಯವೂ ನೀಲಿ ರಟ್ಟಿನವು ಅನ್ನುವ ಒಂದೇ ಕಾರಣಕ್ಕೆ ಅಕ್ಕಪಕ್ಕ.

ಇಲ್ಲಿ ಎಸ್. ಆರ್. ರಂಗನಾಥನ್ ನೆನಪಾಗುತ್ತಾರೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಸಿಕೊಂಡವರು. ಅವರು ಗ್ರಂಥಪಾಲಕ ಆಗುವ ಮೊದಲು ಗಣಿತದ ಮೇಷ್ಟ್ರು. 1917ರಲ್ಲಿ ಅವರು ಪಾಠ ಮಾಡಲು ಬಂದದ್ದು ಎಲ್ಲಿಗೆ ಗೊತ್ತುಂಟಾ? ಮಂಗಳೂರಿನ ಸರಕಾರಿ ಕಾಲೇಜಿಗೆ. ಆಮೇಲೆ ಮದ್ರಾಸಿಗೆ ಹೋಗಿ 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಬರೆದರು. ಮೊದಲನೇ ಸೂತ್ರವೇ, ಪುಸ್ತಕ ಇರುವುದು ಬಳಕೆಗೆ. ಕೇಳಲು ಎಷ್ಟು ಸಾಮಾನ್ಯ ಅಲ್ವಾ? ಆ ಕಾಲದಲ್ಲೂ ಪುಸ್ತಕಕ್ಕೆ ಬೀಗ ಹಾಕಿ ಕಾಯುವವರೇ ಜಾಸ್ತಿ ಇದ್ದದ್ದರಿಂದ ಅದನ್ನು ಬರೆದು ಹೇಳಬೇಕಾಯಿತು. 1933ರಲ್ಲಿ ಅವರು ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸಿ ಜೋಡಿಸುವ ಕೋಲನ್ ವರ್ಗೀಕರಣ ಕೊಟ್ಟರು. ನಮ್ಮ ಕೆಫೆಯವರು ಕಲರ್ ವರ್ಗೀಕರಣ ಕೊಟ್ಟಿದ್ದಾರೆ. ಒಂದಕ್ಷರ ಆಚೀಚೆ, ಮೇಷ್ಟ್ರು ಕ್ಷಮಿಸಿಯಾರು.

ಇನ್ನು ಕಾಫಿ. ಮೆನುವಿನಲ್ಲಿ ಒಂದೊಂದು ಕಾಫಿಗೂ ಜಾತಕ ಬರೆದಿದ್ದಾರೆ. ಇದು ಇಷ್ಟು ಅಡಿ ಎತ್ತರದಲ್ಲಿ ಬೆಳೆದದ್ದು, ಇದರಲ್ಲಿ ಕಿತ್ತಳೆಯ ಛಾಯೆ, ಅದರಲ್ಲಿ ಮಲ್ಲಿಗೆಯ ಛಾಯೆ. ಮಲ್ಲಿಗೆ ಛಾಯೆಯ ಕಾಫಿಗೆ ಅವರು ಹಾಕಿದ ರೇಟು ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟೇ. ಶಂಕರಪುರದ ಮಲ್ಲಿಗೆ ಒಂದು ಚೆಂಡು ತಂದು ಟೇಬಲಿನ ಮೇಲಿಟ್ಟುಕೊಂಡು, ಪಕ್ಕದಲ್ಲಿ ಮಾಮೂಲಿ ಫಿಲ್ಟರ್ ಕಾಫಿ ಕುಡಿದರೆ ಛಾಯೆ ಯಾಕೆ, ಮಲ್ಲಿಗೆಯೇ ಸಿಗುತ್ತದೆ. ಮದುವೆ ಸೀಸನ್ ಒಂದು ಬಿಟ್ಟರೆ ಖರ್ಚೂ ಜಾಸ್ತಿ ಆಗಲಿಕ್ಕಿಲ್ಲ. ಮನೆಗೆ ಹೋಗುವಾಗ ಹೆಂಡತಿಗೂ ಆಯಿತು.

ಆ ಮೆನುವಿನ ಕೊನೆಗೆ 'ಮಾನ್ಸೂನ್ಡ್ ಮಲಬಾರ್' ಅಂತ ಒಂದಿತ್ತು. ಅದನ್ನು ಓದಿದ ಮೇಲೆ 45 ನಿಮಿಷದ ಚೀಟಿ ನೋಡಿ ನನಗೆ ನಿಜಕ್ಕೂ ನಗು ತಡೆಯಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ನಿಮ್ಮ ಟೇಬಲಿಗೆ ಟೈಮ್ ಲಿಮಿಟ್ ಇಲ್ಲ ತಾನೇ?

ಹಾಯಿ ಹಡಗಿನ ಕಾಲದಲ್ಲಿ ನಮ್ಮ ಘಟ್ಟದ ಕಾಫಿ ಈ ಕರಾವಳಿಯ ಬಂದರುಗಳಿಂದ ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಆಫ್ರಿಕಾ ಸುತ್ತಿ ಹೋಗಬೇಕು. ಸಮುದ್ರದ ಒದ್ದೆ ಗಾಳಿ ಕುಡಿದು ಕುಡಿದು ಬೀಜ ಉಬ್ಬುತ್ತಿತ್ತು, ಹಸಿರು ಬಣ್ಣ ಹೋಗಿ ಹಳದಿಗೆ ತಿರುಗುತ್ತಿತ್ತು, ಹುಳಿ ಕಮ್ಮಿ ಆಗುತ್ತಿತ್ತು. ಅಲ್ಲಿನವರು ಇದೇ ಭಾರತದ ಕಾಫಿಯ ರುಚಿ ಅಂತ ಅಭ್ಯಾಸ ಮಾಡಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಕಾಫಿ ಬೇಗ ಬೇಗ ತಲುಪತೊಡಗಿತು. ಅವರು ಕುಡಿದು ಮುಖ ಹುಳ್ಳಗೆ ಮಾಡಿದರು. ಇದಲ್ಲ ಮಾರಾಯ್ರೆ ನಮ್ಮ ಕಾಫಿ, ಆ ಹಳೇ ತಡವಾಗಿ ಬರುವ ಕಾಫಿ ಕೊಡಿ.

ನಮ್ಮವರು ಏನು ಮಾಡಿದರು? ಮಳೆಗಾಲ ಪುಕ್ಕಟೆ ಉಂಟಲ್ಲ. ಜೂನ್ ತಿಂಗಳಿಂದ ಗೋಡೌನಿನ ಬಾಗಿಲು ಕಿಟಕಿ ತೆರೆದಿಟ್ಟು, ನೆಲದ ಮೇಲೆ ಬೀಜ ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಯಲ್ಲಿ ಸಡಿಲವಾಗಿ ತುಂಬಿ, ಗೋಣಿ ಗೋಣಿಯ ನಡುವೆ ಗಾಳಿಗೆ ಜಾಗ ಬಿಟ್ಟು ಇಟ್ಟರು. ಈಗಲೂ ಇಡುತ್ತಾರೆ. 12ರಿಂದ 16 ವಾರ. ಬೀಜ ಏನೂ ಮಾಡುವುದಿಲ್ಲ. ಸುಮ್ನೆ ಕೂರುತ್ತದೆ. ಮಂಗಳೂರಿನ ಮಳೆಗಾಳಿ ಕುಡಿಯುತ್ತಾ ಕೂತದ್ದಕ್ಕೇ ಅದಕ್ಕೆ ಇದು ಈ ಸೀಮೆಯದ್ದೇ ಅನ್ನುವ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ, ವಿದೇಶದಲ್ಲಿ ಒಳ್ಳೆಯ ಬೆಲೆ.

ಅಂದರೆ, ಕಾಫಿ ಬೀಜ ಈ ಊರಲ್ಲಿ ಮೂರು ತಿಂಗಳು ಸುಮ್ನೆ ಕೂತರೆ ಅದು ವಿಶೇಷ ದರ್ಜೆ. ಅದೇ ಕಾಫಿ ಕುಡಿಯುವವನು ಒಂದು ಗಂಟೆ ಸುಮ್ನೆ ಕೂತರೆ ಅವನು ದಂಡಪಿಂಡ. 12 ವಾರವನ್ನು 45 ನಿಮಿಷದ ಲೆಕ್ಕಕ್ಕೆ ಹಾಕಿ ನೋಡಿದೆ, 2,688 ಪಾಳಿ ಆಗುತ್ತದೆ. ಆ ಬೀಜ ಪ್ರತಿ ಪಾಳಿಗೂ ಒಂದು ಸ್ಯಾಂಡ್‌ವಿಚ್ ಆರ್ಡರ್ ಮಾಡಿತ್ತಾ?

ಹಳೇ ಹೋಟೆಲುಗಳು ಸ್ವರ್ಗ ಆಗಿದ್ದವು ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಬೋರ್ಡು ಇತ್ತು. ಹೆಚ್ಚು ಹೊತ್ತು ಕೂರಬಾರದು. ರಾಜಕೀಯ ಮಾತಾಡಬಾರದು. ಇಲ್ಲಿ ತಲೆ ಬಾಚಬಾರದು. ಆದರೆ ಆ ಬೋರ್ಡಿಗೂ ಗಿರಾಕಿಗೂ ಒಂದು ಒಪ್ಪಂದ ಇತ್ತು, ಬೋರ್ಡು ಗೋಡೆಯ ಮೇಲೆ ಇರುತ್ತದೆ, ನಾವು ಅದರ ಕೆಳಗೆ ಇರುತ್ತೇವೆ, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆ ಹಾಕುವುದು ಬೇಡ. ರಾಜಕೀಯ ಬೇಡ ಎಂದು ಬರೆದ ಗೋಡೆಗೆ ಒರಗಿಕೊಂಡೇ ಜನ ತುರ್ತು ಪರಿಸ್ಥಿತಿಯನ್ನೂ ಮಂಡಲ್ ವರದಿಯನ್ನೂ ಮಾತಾಡಿ ಮುಗಿಸಿದರು. ಎರಡು ಕಾಫಿ ನಾಲ್ಕು ಜನಕ್ಕೆ ಬೈಟು. ಒಂದು ಪ್ಲೇಟ್ ಗೋಳಿಬಜೆ, ಅದರ ಚಟ್ನಿ ಮಾತ್ರ ಎರಡು ಸಲ. ಮಾಣಿ ಟೇಬಲ್ ಒರೆಸಲು ಬಂದರೆ ಲೋಟ ಎತ್ತಿ ಹಿಡಿದು, ಒರೆಸಿದ ಮೇಲೆ ಮತ್ತೆ ಇಟ್ಟು, ಪಟ್ಟಾಂಗ ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು. ಮೂರನೇ ಸಲ ಒರೆಸಲು ಬಂದ ಅಂದರೆ ಏಳಬೇಕು ಅಂತ ಅರ್ಥ. ಅದಕ್ಕೆ ಚೀಟಿ ಬೇಕಿರಲಿಲ್ಲ.

ದೇಶಕ್ಕೆಲ್ಲ ಹೋಟೆಲಲ್ಲಿ ಕೂತು ಕಾಫಿ ಕುಡಿಯುವುದನ್ನು ಕಲಿಸಿದವರ ಸಾಲಿನಲ್ಲಿ ಮುಂದೆ ಇರುವವರು ಉಡುಪಿ ಸೀಮೆಯವರು. ಬೆಂಗಳೂರಿಗೆ 1924ರಲ್ಲಿ ಮಾವಳ್ಳಿ ಟಿಫಿನ್ ರೂಮ್ ಕೊಟ್ಟವರು ಇಲ್ಲಿಂದ ಹೋದ ಮಯ್ಯರು. ಮದ್ರಾಸಿಗೆ ವುಡ್‌ಲ್ಯಾಂಡ್ಸ್ ಕೊಟ್ಟ ಕೃಷ್ಣರಾಯರು ಇಲ್ಲಿಯವರು. ಓದಿನ ವಿಷಯಕ್ಕೆ ಬಂದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಈ ಊರಿಂದ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲೇ, ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಪ್ರತಿ ವರ್ಷ ಜುಲೈ ಒಂದಕ್ಕೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಇದನ್ನೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಭಾಷಣ ಮುಗಿದ ಮೇಲೆ ಒಂದು ಪುಸ್ತಕ ಕೊಳ್ಳೋಣ ಅಂತ ಹೊರಟರೆ, ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲೇ ಬಾಗಿಲು ಹಾಕಿ ಆಗಿದೆ.

ಹಾಗಾದರೆ ಲೈಬ್ರರಿಗೆ ಹೋಗಿ ಅನ್ನುತ್ತೀರಾ? ಹೋಗಬಹುದು. ಅದಕ್ಕೆ ನೀವು ದುಡ್ಡು ಕಟ್ಟಿಯೂ ಆಗಿದೆ. ಮನೆ ತೆರಿಗೆಯ ರಶೀದಿ ಹುಡುಕಿ ನೋಡಿ, ಮೂಲೆಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ಮೇಲೆ ಶೇ. 6. ಐದು ಸಾವಿರ ತೆರಿಗೆ ಕಟ್ಟುವವರು ಮುನ್ನೂರು ರೂಪಾಯಿ ಪುಸ್ತಕಕ್ಕೆ ಅಂತಲೇ ಕೊಡುತ್ತಾರೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಸ್ಥಳೀಯ ಸಂಸ್ಥೆಗಳು ಇದನ್ನು ಜನರಿಂದ ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ ಕೊಡಬೇಕು. ವಸೂಲಿಯ ಭಾಗ ಚೆನ್ನಾಗಿ ನಡೆಯುತ್ತದೆ. ಕೊಡುವ ಭಾಗದಲ್ಲಿ ರಾಜ್ಯದ ಎಷ್ಟೋ ಪಾಲಿಕೆ, ಪುರಸಭೆ, ಪಂಚಾಯತಿಗಳು ಕೋಟಿಗಟ್ಟಲೆ ಬಾಕಿ ಅನ್ನುವ ಸುದ್ದಿ ಮಾವಿನ ಹೂವಿನ ಹಾಗೆ ವರ್ಷಕ್ಕೊಮ್ಮೆ ಬರುತ್ತದೆ, ಉದುರುತ್ತದೆ. ಅತ್ತ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಪ್ರಕಾಶಕರಿಂದ ಪುಸ್ತಕ ಕೊಳ್ಳುವುದರಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದಿದೆ. ಹೊಸ ಪುಸ್ತಕ ಲೈಬ್ರರಿಗೆ ಬರುವಾಗ ಅದನ್ನು ಬರೆದವರಿಗೆ ಮೊಮ್ಮಕ್ಕಳಾಗಿರುತ್ತಾರೆ. ಏಕಗವಾಕ್ಷಿ ಅಂದರೆ ಒಂದೇ ಕಿಟಕಿ ಇರುವುದು ಅಂತ, ಅದು ತೆರೆದಿರಬೇಕು ಅಂತ ಯಾರೂ ಹೇಳಿಲ್ಲ.

ಆ ದೃಷ್ಟಿಯಲ್ಲಿ ಕೆಫೆ ಎಷ್ಟೋ ವಾಸಿ. ಪುಸ್ತಕ ಮುಟ್ಟಲು ಬಿಡುವುದಿಲ್ಲ, ಆದರೆ ಅದಕ್ಕಂತ ಕರ ವಸೂಲಿ ಮಾಡುವುದಿಲ್ಲ.

ಇಷ್ಟು ತಮಾಷೆ ಸಾಕು ಅನಿಸುತ್ತದೆ. ಯಾಕೆಂದರೆ ನಮ್ಮ ಊರಿನಲ್ಲಿ ಕೂತು ಮಾತಾಡುವವರನ್ನು ಎಬ್ಬಿಸುವುದು ಚೀಟಿ ಒಂದೇ ಅಲ್ಲ. ಕಾಲೇಜಿನ ಒಂದು ಹುಡುಗ, ಒಂದು ಹುಡುಗಿ ಜ್ಯೂಸ್ ಅಂಗಡಿಯಲ್ಲೋ ಐಸ್‌ಕ್ರೀಮ್ ಪಾರ್ಲರಿನಲ್ಲೋ ಕೂತಿರುತ್ತಾರೆ. ಅಸೈನ್‌ಮೆಂಟೋ, ಪ್ರೇಮವೋ, ಬರೀ ಹರಟೆಯೋ, ಅದು ಅವರ ವಿಷಯ. ಯಾರೋ ಒಬ್ಬ ಬಂದು ನಿಲ್ಲುತ್ತಾನೆ. ಹೆಸರೇನು ಅಂತ ಕೇಳುತ್ತಾನೆ. ಇಬ್ಬರ ಹೆಸರು ಒಂದೇ ಪಟ್ಟಿಗೆ ಸೇರದಿದ್ದರೆ ಆ ಒಬ್ಬ ಹತ್ತು ಜನ ಆಗುತ್ತಾನೆ, ಮೊಬೈಲ್ ಕ್ಯಾಮೆರಾ ಆನ್ ಆಗುತ್ತದೆ, ಮನೆಗೆ ಫೋನ್ ಹೋಗುತ್ತದೆ. ಇದಕ್ಕೆ ಪೇಪರಿನವರು ನೈತಿಕ ಪೊಲೀಸ್‌ಗಿರಿ ಅಂತ ಮರ್ಯಾದೆಯ ಹೆಸರು ಇಟ್ಟಿದ್ದಾರೆ. ನೈತಿಕವೂ ಇಲ್ಲ, ಪೊಲೀಸೂ ಅಲ್ಲ. ಬರೀ ಗೂಂಡಾಗಿರಿ. 2009ರ ಜನವರಿ 24ರಂದು ಇಲ್ಲಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದು ಅಟ್ಟಿದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳೆಲ್ಲ ಖುಲಾಸೆ ಆದರು. ಇಡೀ ದೇಶ ನೋಡಿದ್ದಕ್ಕೆ ಸಾಕ್ಷ್ಯ ಸಾಲಲಿಲ್ಲ. ಅವತ್ತು ಹುಟ್ಟಿದ ಮಕ್ಕಳು ಹೈಸ್ಕೂಲು ಸೇರಿದರು. ಅವರಿಗೆ ತಂದೆತಾಯಿ ಹೇಳುವ ಬುದ್ಧಿಮಾತು, ಮಗಾ, ಯಾರ ಜೊತೆಗೂ ಹೊರಗೆ ಕೂತು ಮಾತಾಡಬೇಡ. ಹೇಳುವ ತಂದೆತಾಯಿಯ ಮೇಲೆ ಸಿಟ್ಟು ಬರುವುದಿಲ್ಲ, ಅದೇ ಬೇಜಾರು. ಇದನ್ನು ಎಷ್ಟು ಸಲ ಬರೆಯುವುದು? ಬರೆದು ಬರೆದು ಸಾಕಾಗಿದೆ. ಮಾತಾಡಲು ಆಗದ ಊರಿಗೆ ಕಾನ್ವರ್ಸೇಷನ್ಸ್ ಅಂತ ದೀಪ ಬೇರೆ ಕೇಡು.

ಸರಿ. ಹೋಟೆಲಿನವರ ಕಷ್ಟವೂ ಕೇಳಬೇಕಲ್ಲ, ಇಲ್ಲದಿದ್ದರೆ ಒಂದೇ ಕಡೆ ಬರೆದೆ ಅಂತ ಫೋನ್ ಬರುತ್ತದೆ. ಉಡುಪಿಯ ರಥಬೀದಿಯಿಂದ ಸ್ವಲ್ಪ ದೂರದಲ್ಲಿ ನಾನು ಹೋಗುವ ಒಂದು ಸಣ್ಣ ಹೋಟೆಲ್ ಉಂಟು, ಕಲ್ಲಿನ ಟೇಬಲ್, ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಮುಚ್ಚಿ ಮೂರಕ್ಕೆ ಮತ್ತೆ ತೆರೆಯುವುದು. ಗಲ್ಲೆಯಲ್ಲಿ ಕೂತ ಭಟ್ಟರಿಗೆ ಕೆಫೆಯ ಫೋಟೊ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, "ಇದರಲ್ಲಿ ತಪ್ಪೆಂತ?" ಅಂದರು. ಕಾಫಿಪುಡಿಯ ರೇಟು ಕೇಳಿದ್ದೀರಾ, ಗ್ಯಾಸಿಗೆಷ್ಟು, ಬಾಡಿಗೆ ಎಷ್ಟು, ಕೆಲಸಕ್ಕೆ ಜನ ಇಲ್ಲ, ಊರಿನ ಹುಡುಗರೆಲ್ಲ ಬೆಂಗಳೂರಿಗೆ ಹೋಗಿ ಅಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದಾರೆ. ಎಲ್ಲ ನಿಜ. 2024-25ರಲ್ಲಿ ಬ್ರೆಜಿಲ್, ವಿಯೆಟ್ನಾಂ ಕಡೆ ಬೆಳೆ ಕೈಕೊಟ್ಟು ಕಾಫಿ ಬೀಜದ ದರ ದಾಖಲೆ ಏರಿದ್ದನ್ನು ಹೇಳಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ನಮ್ಮ ರಾಜ್ಯದ್ದೇ, ಆದರೂ ದರ ಲಂಡನ್ನು, ನ್ಯೂಯಾರ್ಕಿನಲ್ಲಿ ತೀರ್ಮಾನ ಆಗುತ್ತದೆ ಅಂತಲೂ ಹೇಳಿದೆ. ಪಕ್ಕದ ಟೇಬಲಿನ ಹಿರಿಯರೊಬ್ಬರು ತಿರುಗಿ, ಬ್ರೆಜಿಲ್‌ನವರಿಗೆ ಮಳೆ ಬಾರದಿದ್ದರೆ ನನ್ನ ಲೋಟದಲ್ಲಿ ಯಾಕೆ ಕಮ್ಮಿ ಆಗಬೇಕು ಅಂತ ವಾದ ಶುರು ಮಾಡಿದರು. ಭಟ್ಟರು ಗಲ್ಲೆ ಬಿಟ್ಟು ಬಂದು, ಲೋಟ ಅದೇ, ನೊರೆ ಮಾತ್ರ ಜಾಸ್ತಿ ಆದದ್ದು ಅಂತ ಸಮಜಾಯಿಷಿ ಕೊಟ್ಟರು. ಬಿಲ್ ಕೊಡಲು ನಿಂತ ಇಬ್ಬರು ಕಾದು ಕಾದು ಮತ್ತೆ ಕೂತರು.

ಒಂದು ಗಂಟೆ ಆದ ಮೇಲೆ ಭಟ್ಟರು ನನ್ನನ್ನೇ ನೋಡಿ ಹೇಳಿದರು, "ನೀವು ಬೇಕಾದ್ದು ಬರೀರಿ ಮಾರಾಯ್ರೆ. ಆದ್ರೆ ಆ ಮೂಲೆ ಟೇಬಲ್ ಬಿಟ್ಟು ಎಲ್ಲಿಯಾದ್ರೂ ಕೂತು ಬರೀರಿ. ಅಲ್ಲಿಗೆ ಆರು ಜನದ ಫ್ಯಾಮಿಲಿ ಬಂದಿದೆ."