ಹಾಲುಹಲ್ಲಿಗೆ ಬಡ್ಡಿ ಎಷ್ಟು?

ಲೇಸರ್ ಬೆಳಕು ಬಿಟ್ಟು, ಹಲ್ಲಿನ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಎಬ್ಬಿಸಿ, ದವಡೆಗೆ ಹೊಸ ಮೂಳೆ ಬೆಳೆಸಿಕೊಡ್ತಾರಂತೆ. ಪೇಪರ್ ಜೊತೆ ಬೀಳೋ ಕರಪತ್ರ ನೀವೂ ನೋಡಿರ್ತೀರಿ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯಂತೂ ಒಂದು ಮನೆಯನ್ನೂ ಬಿಟ್ಟಿಲ್ಲ. ಮಕ್ಕಳ ಹಾಲುಹಲ್ಲನ್ನು ಸ್ಟೆಮ್ ಸೆಲ್ ಕಾದಿಡೋ ಬ್ಯಾಂಕಿನಲ್ಲಿ ಇಟ್ಟರೆ ಮುಂದೆ ಯಾವ ಮೂಳೆ ಮುರಿದರೂ ಚಿಂತೆಯಿಲ್ಲವಂತೆ. ಕಂತಿನಲ್ಲೂ ಕಟ್ಟಬಹುದು. ಎಂಥ ದೊಡ್ಡ ಮನಸ್ಸು!

ನನಗೆ ಹೊಟ್ಟೆ ಉರಿದಿದ್ದು ನಮ್ಮ ಮಂಡ್ಯದ ಹೆಂಚಿನ ಮನೆಗಳನ್ನು ನೆನೆದು. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆದು ಬೆಳೆದವರು ನಾವು. ಗುರಿ ತಪ್ಪಿ ಪಕ್ಕದ ಮನೆ ಸೂರಿಗೆ ಬಿದ್ದರೆ ಬೈಗುಳ ಬೇರೆ. ಈ ಲೆಕ್ಕದಲ್ಲಿ ಮದ್ದೂರಿನಿಂದ ಪಾಂಡವಪುರದವರೆಗೆ ಎಷ್ಟು ಕೋಟಿ ಆಸ್ತಿ ಸೂರಿನ ಮೇಲೆ ಕೊಳೆತಿರಬೇಕು? ಪಕ್ಕದ ಮನೆಯವರು ಈಗ ನಮ್ಮ ಹಲ್ಲಿನ ಮೇಲೆ ಹಕ್ಕು ಸಾಧಿಸಿದರೆ ಸಿವಿಲ್ ಕೋರ್ಟಿಗೆ ಹೋಗಬೇಕೋ, ಗ್ರಾಹಕರ ಆಯೋಗಕ್ಕೋ? ಆರ್‌ಸಿಸಿ ಬಂದ ಮೇಲೆ ಹೆಂಚು ಇಳಿಸಿ ಮಾರಿದವರಂತೂ ಹಲ್ಲನ್ನೂ ಸೇರಿಸಿ ಗುಜರಿ ರೇಟಿಗೆ ಕೊಟ್ಟುಬಿಟ್ಟರು.

ವಿಜ್ಞಾನ ಸುಳ್ಳಲ್ಲ, ಬೇಜಾರು ಇರೋದೇ ಅಲ್ಲಿ. ಹಲ್ಲಿನ ತಿರುಳಿನಲ್ಲಿ ಸ್ಟೆಮ್ ಸೆಲ್ ಇದೆ ಅಂತ ಅಮೆರಿಕದಲ್ಲಿ 2000ರಲ್ಲಿ ತೋರಿಸಿದರು. ಬಿದ್ದ ಹಾಲುಹಲ್ಲಿನಲ್ಲೂ ಇದೆ ಅಂತ 2003ರಲ್ಲಿ ಗೊತ್ತಾಯಿತು. ಲೇಸರ್ ಕಥೆ ಇನ್ನೂ ಹಳೆಯದು. 1967ರ ಸುಮಾರಿಗೆ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಬೋಳಿಸಿದ ಇಲಿಗಳ ಮೇಲೆ ಕಡಿಮೆ ಶಕ್ತಿಯ ಲೇಸರ್ ಬಿಟ್ಟರು. ಕೂದಲು ಬೇಗ ಬೆಳೆಯಿತು. (ಅದನ್ನು ಹಿಡಿದು ಬೋಳುತಲೆಯವರಿಗೆ ಟೋಪಿ ಹಾಕುವವರು ಬೇರೆ ಇದ್ದಾರೆ, ಅದು ಇನ್ನೊಂದು ದಿನಕ್ಕಿರಲಿ.) ಈಗ ಲ್ಯಾಬಿನ ತಟ್ಟೆಯಲ್ಲಿ ಹಲ್ಲಿನ ಕೋಶಗಳಿಗೆ ಕೆಂಪು ಬೆಳಕು ಬಿಟ್ಟರೆ ಅವು ಚುರುಕಾಗಿ ಬೆಳೆದು ಕ್ಯಾಲ್ಸಿಯಂ ಕೂಡಿಸಿಕೊಂಡದ್ದನ್ನು ಹಲವರು ನೋಡಿದ್ದಾರೆ. ಇಲಿಗಳ ಮೂಳೆಯಲ್ಲೂ ಒಳ್ಳೆ ಫಲಿತಾಂಶ ಬಂದದ್ದಿದೆ. ಆದರೆ ಒಬ್ಬೊಬ್ಬರದು ಒಂದೊಂದು ಅಳತೆ. ಬೆಳಕಿನ ಡೋಸ್ ಕಡಿಮೆಯಾದರೆ ಏನೂ ಆಗಲ್ಲ, ಜಾಸ್ತಿಯಾದರೆ ಬೆಳವಣಿಗೆಯೇ ಕುಂದುತ್ತೆ. ನಮ್ಮ ಕರಪತ್ರದವರು ಐದು ಸಿಟ್ಟಿಂಗಿಗೆ ಒಂದು ಫ್ರೀ ಕೊಡ್ತಾರೆ.

ದೇಶದ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ದುಡ್ಡು ತಗೊಂಡು ಬ್ಯಾಂಕಿನಲ್ಲಿ ಇಡೋಕೆ ಒಪ್ಪಿಗೆ ಇರೋದು ಹೊಕ್ಕುಳಬಳ್ಳಿ ರಕ್ತಕ್ಕೆ ಮಾತ್ರ, ಹಲ್ಲಿಗಲ್ಲ. ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಒಪ್ಪಿರೋದು ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ. ಮಿಕ್ಕಿದ್ದೆಲ್ಲ ಒಪ್ಪಿಗೆ ಪಡೆದ ಪ್ರಯೋಗದೊಳಗೇ ಆಗಬೇಕು, ಅದಕ್ಕೆ ರೋಗಿಯಿಂದ ಕಾಸು ಕೇಳುವಂತಿಲ್ಲ. ಕ್ರಮ ತಗೊಳ್ಳಬೇಕಾದ ಸಾಹೇಬರ ಮನೆಗೂ ಪೇಪರ್ ಹೋಗುತ್ತೆ ಅಲ್ವಾ? ಬಹುಶಃ ಕ್ರೀಡಾ ಪುಟ ಮಾತ್ರ ಓದ್ತಾರೆ.

ಇಷ್ಟು ಹೊತ್ತು ನಕ್ಕಿದ್ದು ಸಾಕು. ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಹೋಗಿ ನೋಡಿ. ಡೆಂಟಲ್ ಚೇರ್ ಇದೆ. ಅದರ ಮೇಲೆ ಹಳೇ ರಿಜಿಸ್ಟರುಗಳ ಕಟ್ಟು, ಕೈ ಇಡೋ ಹಿಡಿಗೆ ನೇತುಹಾಕಿದ ಟವೆಲ್, ದೀಪಕ್ಕೆ ಅಂಟಿಸಿದ 'ರಿಪೇರಿಯಲ್ಲಿದೆ' ಚೀಟಿ. ಕೊರೆಯೋ ಮೆಷಿನ್ ಓಡಲ್ಲ, ಹಾಗಾಗಿ ಹುಳುಕು ತುಂಬೋ ಹಾಗಿಲ್ಲ. ಕೀಳೋಕಾದ್ರೆ ಪ್ಲಾಸ್ಟಿಕ್ ಕುರ್ಚಿ ಸಾಕು, ಇಕ್ಕಳ ಸಾಕು. ಕಬ್ಬು ಕಡಿಯೋಕೆ ಹೋಗೋ ಹೆಂಗಸು, ಚಿಕ್ಕ ವಯಸ್ಸು, ಕೆನ್ನೆ ಊದಿಕೊಂಡಿದೆ. ಉಳಿಸಬಹುದಾದ ಹಲ್ಲು ಅಂತ ಡಾಕ್ಟರೇ ಹೇಳ್ತಾರೆ, ಹೊರಗೆ ಮಾಡಿಸಿದರೆ ಎಷ್ಟಾಗುತ್ತೆ ಅಂತಲೂ ಹೇಳ್ತಾರೆ. "ಕಿತ್ತಾಕ್ಬುಡಿ ಸಾ, ಅತ್ಲಾಗೆ" ಅಂತಾಳೆ ಆಕೆ.

ಥೂ. ಚೇರ್ ರಿಪೇರಿಗೆ ಟೆಂಡರ್ ಕರೀಬೇಕಂತೆ. ಫೈಲು ಬೆಂಗಳೂರಿಗೆ ಹೋಗಿದೆ.