"ಆರಾಮ್ ಗುರು" ಅಂದ್ರೆ ಎಷ್ಟು ಅಡಿ ಹಿಮ?

ಬೆಳಗ್ಗೆ ಕಾಫಿ ಹಿಡಿದುಕೊಂಡು ಫೋನ್ ನೋಡಿದ್ದೇ ತಪ್ಪಾಯ್ತು. ನಮ್ಮ ಟ್ರೆಕ್ಕಿಂಗ್ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗ, ಅಮೆರಿಕಕ್ಕೆ ಬಂದು ಎರಡು ವರ್ಷ ಆಗಿರಬಹುದು, ಪಾಪ ಬಹಳ ಮರ್ಯಾದೆಯಿಂದ ಕೇಳಿದ್ದ. "ಜೂನ್ ಎರಡನೇ ವಾರ ಮೌಂಟ್ ವಿಟ್ನಿಗೆ ಪರ್ಮಿಟ್ ಸಿಕ್ಕಿದೆ. ಮೇಲೆ ಹಿಮ ಹೇಗಿದೆ? ಏನೇನು ತಗೊಂಡು ಹೋಗಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ." ಅದಕ್ಕೆ ಹೋದ ವಾರವಷ್ಟೇ ಹತ್ತಿ ಬಂದ ಮಹಾನುಭಾವರೊಬ್ಬರ ಉತ್ತರ: "ಆರಾಮ್ ಗುರು. ಮೈಕ್ರೋಸ್ಪೈಕ್ಸ್ ಸಾಕು. ಎಂಜಾಯ್!" (ಮೈಕ್ರೋಸ್ಪೈಕ್ಸ್ ಅಂದರೆ ಶೂ ಮೇಲೆ ಎಳೆದು ಹಾಕುವ ಸಣ್ಣ ಮುಳ್ಳಿನ ಸರಪಳಿ.) ಜೊತೆಗೆ ಶಿಖರದ ಮೇಲೆ ಕನ್ನಡ ಬಾವುಟ ಹಿಡಿದ ಫೋಟೋ. ಫೋಟೋಗೆ ನಲವತ್ತು ಹಾರ್ಟು. ಹುಡುಗ "ಥ್ಯಾಂಕ್ಸ್ ಸರ್" ಅಂದ. ಅಲ್ಲಿಗೆ ವಿಚಾರಣೆ ಮುಗೀತು.

ನನ್ನ ಕಾಫಿ ಆರಿತು, ತಲೆ ಬಿಸಿಯಾಯ್ತು.

ಸ್ವಾಮಿ, ಅವನು ಕೇಳಿದ್ದು ಹಿಮ ಹೇಗಿದೆ ಅಂತ. ನೀವು ಹೇಳಿದ್ದು ನೀವು ಹೇಗಿದ್ದೀರಿ ಅಂತ. ನಿಮಗೆ ಆರಾಮಾಗಿತ್ತು, ಸಂತೋಷ. ನೀವು ದಿನಾ ಹತ್ತು ಮೈಲಿ ಓಡುವವರು, ಮ್ಯಾರಥಾನ್ ಮೆಡಲ್ ಗೋಡೆ ತುಂಬಾ ನೇತು ಹಾಕಿದ್ದೀರಿ, ನಾವೆಲ್ಲ ನೋಡಿದ್ದೇವೆ, ನೋಡದೇ ಇರೋಕೆ ನೀವು ಬಿಡುವುದೂ ಇಲ್ಲ. ಆದರೆ ಬೆಟ್ಟದ ಮೇಲಿನ ಹಿಮಕ್ಕೆ ನಿಮ್ಮ ಮೆಡಲ್ ಗೊತ್ತಿಲ್ಲ.

ವಿಟ್ನಿ ಗೊತ್ತಿಲ್ಲದವರಿಗೆ ಎರಡು ಮಾತು. ಅಲಾಸ್ಕಾ, ಹವಾಯಿ ಬಿಟ್ಟರೆ ಅಮೆರಿಕದ ಅತಿ ಎತ್ತರದ ಬೆಟ್ಟ ಇದು, ಕ್ಯಾಲಿಫೋರ್ನಿಯಾದಲ್ಲಿದೆ. 14,505 ಅಡಿ, ಅಂದರೆ 4,421 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿ ಕಾರು ನಿಲ್ಲಿಸುವ ವಿಟ್ನಿ ಪೋರ್ಟಲ್ ಇರುವುದೇ ಸುಮಾರು 2,550 ಮೀಟರ್‌ನಲ್ಲಿ! ಅಲ್ಲಿಂದ ಹೋಗಿ ಬರೋದು 22 ಮೈಲಿ. ಆಗಸ್ಟ್ ಕೊನೆಯಲ್ಲಿ ಹೋದರೆ ಹಗ್ಗ ಬೇಡ, ಏನೂ ಬೇಡ, ಕಾಲಿದ್ದರೆ, ಉಸಿರಿದ್ದರೆ ಸಾಕು. ಅದಕ್ಕೇ ಎಲ್ಲರಿಗೂ ಇದೊಂದು ದೊಡ್ಡ ವಾಕಿಂಗ್ ಅನ್ನಿಸಿಬಿಟ್ಟಿದೆ. ಜೂನ್‌ನಲ್ಲಿ ಅದೇ ಬೆಟ್ಟ ಬೇರೆ ಬೆಟ್ಟ.

12,000 ಅಡಿಯಲ್ಲಿ ಡೇರೆ ಹಾಕುವ ಜಾಗ ಟ್ರೇಲ್ ಕ್ಯಾಂಪ್ ತನಕ ಹೇಗೋ ಹೋಗಬಹುದು. ಅಲ್ಲಿಂದ ಮೇಲೆ ಪ್ರಸಿದ್ಧವಾದ 99 ತಿರುವುಗಳು. (97 ಅಂತ ಎಣಿಸಿದವರೂ ಇದ್ದಾರೆ. ನಾನು ನಲವತ್ತರ ಹತ್ತಿರ ಲೆಕ್ಕ ಬಿಟ್ಟೆ.) ಹಿಮ ಜಾಸ್ತಿಯಿದ್ದರೆ ಆ ತಿರುವುಗಳೇ ಕಾಣುವುದಿಲ್ಲ, ಎಲ್ಲ ಮುಚ್ಚಿಹೋಗಿರುತ್ತವೆ. ಆಗ ಜನ ಪಕ್ಕದ ಇಳಿಜಾರನ್ನೇ ನೆಟ್ಟಗೆ ಹತ್ತುತ್ತಾರೆ, ಟ್ರೇಲ್ ಕ್ರೆಸ್ಟ್ ಅನ್ನೋ ಬೆಟ್ಟದ ಏಣಿನ ತನಕ, ಸುಮಾರು 1,500 ಅಡಿ. ಶೂಟ್ (chute) ಅಂತಾರೆ ಅದಕ್ಕೆ. ಜಾರುಬಂಡಿ ಅಂದರೂ ತಪ್ಪಿಲ್ಲ, ಆದರೆ ಕೆಳಗೆ ಮರಳಿಲ್ಲ, ಬಂಡೆಗಳಿವೆ. ಅರ್ಧ ಕರಗಿದ್ದರೆ ಇನ್ನೂ ಕಷ್ಟ. ತಿರುವುಗಳು ಬರಿದಾಗಿ ಕಾಣುತ್ತವೆ, "ಅಯ್ಯೋ ಹಿಮವೇ ಇಲ್ಲ" ಅಂತ ಹತ್ತುತ್ತೀರಿ, ಅರ್ಧ ದಾರಿಯಲ್ಲಿ ಕೇಬಲ್ ಕಟ್ಟಿದ ಜಾಗ ಬರುತ್ತದೆ. ಅಲ್ಲಿ ಬಂಡೆಯಿಂದ ನೀರು ಜಿನುಗುತ್ತಲೇ ಇರುತ್ತದೆ, ನೆರಳು ಬೇರೆ. ಹೆಪ್ಪುಗಟ್ಟಿ ಗಾಜಿನಂತಾಗಿರುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಈಗ ಹೇಳಿ, "ಆರಾಮ್ ಗುರು" ಅನ್ನೋದರಲ್ಲಿ ಇದರಲ್ಲಿ ಯಾವುದು ಬಂತು? ಶೂಟ್ ಹತ್ತಿದಿರೋ, ತಿರುವುಗಳಲ್ಲೇ ಹೋದಿರೋ? ಕೇಬಲ್ ಹತ್ತಿರ ಐಸ್ ಇತ್ತಾ? ಎಷ್ಟು ಗಂಟೆಗೆ ಹತ್ತಿದಿರಿ, ಎಷ್ಟು ಗಂಟೆಗೆ ಇಳಿದಿರಿ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಎಲ್ಲ ಇರುವುದೇ ಅದರಲ್ಲಿ.

ಹಿಮ ಬೆಳಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ. ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಐದಕ್ಕೆ ಸಿಮೆಂಟಿನಂತೆ ಗಟ್ಟಿ. ಆಗ ಕ್ರಾಂಪಾನ್ (ಬೂಟಿಗೆ ಕಟ್ಟುವ ಉದ್ದ ಉಕ್ಕಿನ ಮುಳ್ಳು) ಹಾಕಿದವನಿಗೆ ಅದು ಮೆಟ್ಟಿಲು, ಹಾಕದವನಿಗೆ ಎಣ್ಣೆ ಸುರಿದ ನೆಲ. ಬಿಸಿಲೇರಿದ ಮೇಲೆ ಮೇಲ್ಪದರ ಮೆತ್ತಗಾಗುತ್ತದೆ, ಆ ಒಂದೆರಡು ಗಂಟೆ ಮೈಕ್ರೋಸ್ಪೈಕ್ಸ್ ಹಾಕಿದವನೂ ರಾಜ. ಇನ್ನೂ ಹೊತ್ತಾದರೆ ತೊಡೆಯ ತನಕ ಕಾಲು ಹೂತುಹೋಗುತ್ತದೆ. ಒಂದೊಂದು ಹೆಜ್ಜೆಯೂ ಗದ್ದೆ ನಾಟಿಗೆ ಇಳಿದ ಹಾಗೆ, ಜೊತೆಗೆ ಒಳಗೆ ಬಂಡೆ ಇದ್ದರೆ ಮೊಣಕಾಲು ಹೋಯ್ತು. ಆಮೇಲೆ, ಆ ಇಳಿಜಾರು ಪೂರ್ವಕ್ಕೆ ಮುಖ ಮಾಡಿದೆ ನೋಡಿ, ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಏಣಿನ ಆಚೆಗೆ ಹೋಗುತ್ತಾನೆ, ನೆರಳು ಬೀಳುತ್ತದೆ, ಕರಗಿದ್ದೆಲ್ಲ ಮತ್ತೆ ಐಸ್. ಶಿಖರದಲ್ಲಿ ಒಂದು ಗಂಟೆ ಫೋಟೋ ತೆಗೆದುಕೊಂಡು ನಿಧಾನಕ್ಕೆ ಬಂದವನಿಗೆ ಕಾದಿರುವುದು ಇದು. ಒಂದೇ ದಿನ, ಒಂದೇ ಇಳಿಜಾರು. ಹತ್ತು ಗಂಟೆಗೆ ದಾಟಿದವನು "ಆರಾಮ್" ಅಂತಾನೆ, ನಾಲ್ಕಕ್ಕೆ ಬಂದವನು ದೇವರನ್ನು ಕರೀತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ ಅಂತ ನಿಮಗೆಲ್ಲ ಗೊತ್ತಲ್ಲ. ಹಿಮಕ್ಕೂ ನಮಗೂ ಏನು ಸಂಬಂಧ? ಕಾವಳಕ್ಕೂ ಮಂಜು ಅಂತೀವಿ, ಐಸಿಗೂ ಮಂಜುಗಡ್ಡೆ ಅಂತೀವಿ, ಮುಗೀತು. ಆದರೆ ದಾರಿ ಹೇಗಿದೆ ಅಂತ ಹೇಳುವುದು ನಮ್ಮವರಿಂದ ಕಲೀಬೇಕು ಮಾರಾಯ್ರೆ. ನಮ್ಮ ಮನೆಗೆ ಹೋಗೋಕೆ ಒಂದು ಹಳ್ಳ ದಾಟಬೇಕಿತ್ತು, ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಪೇಟೆಯಿಂದ ಫೋನ್ ಮಾಡಿದರೆ ಅಪ್ಪ ಹೇಳುತ್ತಿದ್ದದ್ದು ಹೀಗೆ: "ಬೆಳಗ್ಗೆ ಸಂಕದಿಂದ ಒಂದು ಗೇಣು ಕೆಳಗಿತ್ತು ನೀರು. ಮೇಲೆ ಘಟ್ಟದಲ್ಲಿ ಕಪ್ಪಾಗಿದೆ. ನಾಲ್ಕು ಗಂಟೆ ಒಳಗೆ ಬಂದರೆ ದಾಟು, ಇಲ್ಲಾಂದ್ರೆ ಅತ್ತೆ ಮನೇಲಿ ಉಳಿ. ಎರಡನೇ ಮರ ಅಲ್ಲಾಡ್ತದೆ, ಎಡಗಡೆ ಮರದ ಮೇಲೆ ಕಾಲಿಡು." ನೋಡಿ, ಎಷ್ಟು ಹೊತ್ತಿಗೆ, ಎಷ್ಟು ನೀರು, ಮುಂದೇನಾಗಬಹುದು, ಎಲ್ಲಿ ಕಾಲಿಡಬೇಕು, ಆಗದಿದ್ದರೆ ಎಲ್ಲಿ ಉಳೀಬೇಕು, ಎಲ್ಲ ಬಂತು. ಅಪ್ಪ ಏಳನೇ ಕ್ಲಾಸು. ನಮ್ಮ ಗ್ರೂಪಿನಲ್ಲಿ ಪಿಎಚ್‌ಡಿ ಆದವರೇ ಆರು ಜನ ಇದ್ದಾರೆ.

ಕುಮಾರ ಪರ್ವತಕ್ಕೆ ಹೋದವರಿಗೂ ನೆನಪಿರಬೇಕು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು ಮೇಲೆ ಹೇಗಿದೆ ಅಂತ ಕೇಳಿಕೊಂಡೇ ಹೊರಡುತ್ತಿದ್ದೆವು. ಗೂಗಲ್ ಇರಲಿಲ್ಲ, ಅದಕ್ಕೆ ಸರಿಯಾದ ಉತ್ತರ ಸಿಗುತ್ತಿತ್ತು.

ಇನ್ನೊಂದು ಇದೆ, "ಹೋದ ವರ್ಷ ಜೂನ್‌ನಲ್ಲಿ ನಾವು ಶಾರ್ಟ್ಸ್ ಹಾಕ್ಕೊಂಡು ಹತ್ತಿದ್ವಿ" ಅನ್ನುವವರು. ಹೋದ ವರ್ಷದ ಜೂನ್ ಈ ವರ್ಷಕ್ಕೆ ಯಾವ ಲೆಕ್ಕಕ್ಕೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಏಪ್ರಿಲ್ 1ರ ಹೊತ್ತಿಗೆ ಬೆಟ್ಟದ ಹಿಮ ಅಳೆಯುತ್ತಾರೆ, ಕುಡಿಯುವ ನೀರಿನ ಲೆಕ್ಕ ಅದರ ಮೇಲೇ ನಿಂತಿದೆ. 2015ರಲ್ಲಿ ಅದು ಸರಾಸರಿಯ ಬರೀ 5 ಪರ್ಸೆಂಟ್ ಇತ್ತು. 2023ರಲ್ಲಿ 237 ಪರ್ಸೆಂಟ್. ಆ ವರ್ಷ ಅದೇ ಬೆಟ್ಟಸಾಲಿನ ಯೊಸೆಮಿಟಿಯ ಟಯೋಗಾ ಪಾಸ್ ರಸ್ತೆ ತೆರೆದದ್ದೇ ಜುಲೈ 22ಕ್ಕೆ. ಡಾಂಬರು ರಸ್ತೆ ಸ್ವಾಮಿ, ಯಂತ್ರ ಹಾಕಿ ತೆಗೆಯುವ ರಸ್ತೆ! ಅದಕ್ಕೇ ಆ ಗತಿಯಾದರೆ ಕಾಲುದಾರಿಯ ಕಥೆ ಕೇಳಬೇಕೇ.

ಪರ್ಮಿಟ್ ಇನ್ನೊಂದು ರಗಳೆ. ಫೆಬ್ರವರಿಯಲ್ಲಿ ಲಾಟರಿಗೆ ಅರ್ಜಿ ಹಾಕಬೇಕು. ದಿನಕ್ಕೆ ನೂರು ಜನಕ್ಕೆ ಒಂದೇ ದಿನದಲ್ಲಿ ಹೋಗಿಬರುವ ಪರ್ಮಿಟ್, ಅರವತ್ತು ಜನಕ್ಕೆ ರಾತ್ರಿ ಉಳಿಯುವುದು. ಜುಲೈ, ಆಗಸ್ಟ್ ಸಿಗುವುದಿಲ್ಲ, ಜೂನ್ ಸಿಗುತ್ತದೆ. ಸಿಕ್ಕಿದ ಮೇಲೆ ಬಿಡೋಕೆ ಮನಸ್ಸು ಬರುತ್ತಾ? ರಜೆ ಹಾಕಿ ಆಗಿದೆ, ಬೆಟ್ಟದ ಬುಡದ ಊರು ಲೋನ್ ಪೈನ್‌ನಲ್ಲಿ ರೂಮ್ ಬುಕ್ ಆಗಿದೆ, ಹೆಂಡತಿ ಪುಳಿಯೋಗರೆ ಗೊಜ್ಜು ಮಾಡಿ ಕೊಟ್ಟಾಗಿದೆ. (ಟ್ರೇಲ್ ಕ್ಯಾಂಪಿನಲ್ಲಿ ಮಾರ್ಮಟ್ ಅನ್ನೋ ದಪ್ಪ ಅಳಿಲಿನಂಥ ಪ್ರಾಣಿಗಳಿವೆ, ಬ್ಯಾಗ್ ಕಚ್ಚಿ ತೂತು ಮಾಡಿ ತಿನ್ನುತ್ತವೆ. ನನ್ನ ಚಟ್ನಿಪುಡಿ ಚಪಾತಿ ತಿಂದ ಮಾರ್ಮಟ್ ಒಂದು ಕ್ಷಣ ಯೋಚನೆ ಮಾಡಿದ್ದನ್ನು ನಾನೇ ನೋಡಿದ್ದೇನೆ.) ಅಂಥವನಿಗೆ ಬೇಕಾಗಿರುವುದು "ಹೋಗಬಹುದು" ಅನ್ನೋ ಒಂದೇ ಮಾತು. ನೀವು ಅದನ್ನೇ ಕೊಡುತ್ತೀರಿ.

ತಪ್ಪು ವರದಿಯ ಚಾಳಿ ಈ ಬೆಟ್ಟಕ್ಕೆ ಹೊಸದೇನಲ್ಲ. 1871ರಲ್ಲಿ ಕ್ಲಾರೆನ್ಸ್ ಕಿಂಗ್ ಅನ್ನೋ ದೊಡ್ಡ ಭೂವಿಜ್ಞಾನಿ ಮೋಡದ ನಡುವೆ ಹತ್ತಿ, ವಿಟ್ನಿ ಗೆದ್ದೆ ಅಂತ ಸಾರಿಬಿಟ್ಟ. ಎರಡು ವರ್ಷ ಆದ ಮೇಲೆ ಗೊತ್ತಾಯ್ತು, ಅವನು ಹತ್ತಿದ್ದು ವಿಟ್ನಿಯಲ್ಲ, ಅದರ ದಕ್ಷಿಣಕ್ಕಿರುವ ಬೇರೆ ಬೆಟ್ಟ, ಈಗ ಲ್ಯಾಂಗ್ಲಿ ಅಂತ ಕರೀತಾರೆ. 1873ರಲ್ಲಿ ಅವನು ಓಡಿ ಬಂದು ಸರಿಯಾದದ್ದನ್ನು ಹತ್ತುವ ಹೊತ್ತಿಗೆ ಲೋನ್ ಪೈನ್‌ನ ಮೂವರು ಮೀನು ಹಿಡಿಯೋಕೆ ಬಂದವರು ಹತ್ತಿ ಇಳಿದಾಗಿತ್ತು. ನನಗೆ ಆ ಮೂವರ ಮೇಲೆ ಬಹಳ ಪ್ರೀತಿ.

"ನೀವು ಸುಮ್ನೆ ಹೆದರಿಸ್ತೀರಾ ಅಕ್ಕ, ಹಿಮ ದಿನಾ ಬದಲಾಗತ್ತೆ ಅಂತ ನೀವೇ ಹೇಳ್ತೀರಾ, ಮತ್ತೆ ವರದಿ ಬರೆದು ಏನು ಪ್ರಯೋಜನ?" ಅಂತ ಒಬ್ಬರು ಕೇಳಿದರು. ಬದಲಾಗುತ್ತದೆ ಅಂತಲೇ ಅಲ್ವಾ ತಾರೀಕು, ಗಂಟೆ ಬರೀರಿ ಅನ್ನೋದು? ಬದಲಾಗದ್ದಕ್ಕೆ ವರದಿ ಯಾಕೆ ಬೇಕು, ಬೆಟ್ಟದ ಎತ್ತರ ಎಷ್ಟು ಅಂತ ವಾರ ವಾರ ಕೇಳ್ತೀವಾ? ಇನ್ನೊಬ್ಬರು, "ಎಲ್ಲಾ ತಿಳ್ಕೊಂಡು ಹೋದರೆ ಸಾಹಸ ಎಲ್ಲಿ ಬಂತು". ಸರಿಯಪ್ಪಾ. ನೀವು ಜಾರಿದರೆ ಕೆಳಗಿನಿಂದ ಹತ್ತಿ ಬರುವ ಇನ್ಯೋ ಕೌಂಟಿಯ (ಅಲ್ಲಿನ ಜಿಲ್ಲೆ) ರಕ್ಷಣಾ ತಂಡದವರು ಸಂಬಳವಿಲ್ಲದ ಸ್ವಯಂಸೇವಕರು. ಸಾಹಸ ನಿಮ್ಮದು, ಬೆನ್ನು ನೋವು ಅವರದ್ದು. ಇದರ ಬಗ್ಗೆ ಇನ್ನು ಮಾತಾಡಲ್ಲ.

ಅನುಭವ ಇದ್ದವರಿಗೇನೂ ಆಗಲ್ಲ ಅಂತೀರಾ? ಲಾಸ್ ಏಂಜಲೀಸ್ ಪಕ್ಕದ ಮೌಂಟ್ ಬಾಲ್ಡಿಯಲ್ಲಿ 2023ರ ಜನವರಿಯಲ್ಲಿ ನಟ ಜೂಲಿಯನ್ ಸ್ಯಾಂಡ್ಸ್ ಕಾಣೆಯಾದರು. ಎಷ್ಟೋ ಬೆಟ್ಟ ಹತ್ತಿದ್ದ ಮನುಷ್ಯ. ಸಿಕ್ಕಿದ್ದು ಜೂನ್‌ನಲ್ಲಿ, ಹಿಮ ಕರಗಿದ ಮೇಲೆ. ಜೂನ್ ಅಂದಾಗೆಲ್ಲ ನನಗೆ ಉತ್ತರಾಖಂಡದ ಸಹಸ್ರತಾಲ ಚಾರಣವೂ ನೆನಪಾಗುತ್ತದೆ. 2024ರ ಜೂನ್. ಮಾರ್ಗದರ್ಶಿಗಳೂ ಸೇರಿ 22 ಜನರ ತಂಡದಲ್ಲಿ ನಮ್ಮ ಕರ್ನಾಟಕದ 9 ಜನ ಹಿಮಗಾಳಿಗೆ ಸಿಕ್ಕಿ ವಾಪಸ್ ಬರಲಿಲ್ಲ. ಅವರ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಹೇಳುವುದೂ ಇಲ್ಲ. ಆ ವಾರ ನಿದ್ದೆ ಬರಲಿಲ್ಲ ಅಷ್ಟೆ.

ನಿದ್ದೆ ಬರದಿರೋಕೆ ಬೇರೆ ಕಾರಣವೂ ಇತ್ತು. ಇಷ್ಟೊತ್ತು ಸುತ್ತಿ ಬಳಸಿ ಬಂದದ್ದು ಅಲ್ಲಿಗೇ.

2019ರ ಜೂನ್‌ನಲ್ಲಿ ನಾನೂ ವಿಟ್ನಿ ಹತ್ತಿ ಬಂದು ಇದೇ ಗೋಡೆಯ ಮೇಲೆ ಬರೆದಿದ್ದೆ. "ಕೊನೆಗೂ! ಒಂದಿಷ್ಟು ಹಿಮ ಇತ್ತು, ಆದರೆ ಆರಾಮ." ಫೋಟೋದಲ್ಲಿ ಬಾವುಟವೂ ಇದೆ, ನೀವೇ ಲೈಕ್ ಒತ್ತಿದ್ದೀರಿ, ಬೇಕಾದರೆ ಹೋಗಿ ನೋಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಅದನ್ನು ಓದಿ ಮುಂದಿನ ವಾರ ಹೋದ. ಮೈಕ್ರೋಸ್ಪೈಕ್ಸ್ ಮಾತ್ರ ಇತ್ತು. ಇಳಿಯುವಾಗ ಸಂಜೆಯಾಗಿತ್ತು. ಶೂಟ್‌ನ ಕೆಳಭಾಗದಲ್ಲಿ ಜಾರಿ ಬಂಡೆಗೆ ತಗುಲಿ ಮಣಿಕಟ್ಟು ಮುರಿಯಿತು. ಮೇಲ್ಭಾಗದಲ್ಲಿ ಜಾರಿದ್ದರೆ ಅಂತ ನಾನು ಯೋಚನೆ ಮಾಡುವುದಿಲ್ಲ, ಮಾಡಬಾರದು ಅಂದುಕೊಂಡಷ್ಟೂ ಬರುತ್ತದೆ. ಅವನು ಒಂದು ಮಾತೂ ಅನ್ನಲಿಲ್ಲ. ಅವನ ಹೆಂಡತಿ ಮಾತ್ರ ಆಮೇಲೆ ಯಾವ ಯುಗಾದಿ ಊಟದಲ್ಲೂ ನನ್ನ ಪಕ್ಕ ಕೂರಲಿಲ್ಲ. ಕೂರಬೇಕಾಗಿಯೂ ಇಲ್ಲ.

ಆದ್ದರಿಂದ ಆ ಹುಡುಗನಿಗೆ ಉತ್ತರ ಬರೆಯುವ ಮೊದಲು, ಇಷ್ಟು ವರ್ಷ ತಡವಾಗಿ, ನನ್ನ 2019ರ ವರದಿ ಬರೆಯುತ್ತಿದ್ದೇನೆ.

ರಾತ್ರಿ ಟ್ರೇಲ್ ಕ್ಯಾಂಪಿನಲ್ಲಿ ಉಳಿದು ಬೆಳಗ್ಗೆ ಐದೂವರೆಗೆ ಹೊರಟೆವು. ತಿರುವುಗಳು ಪೂರ್ತಿ ಮುಚ್ಚಿದ್ದವು. ಶೂಟ್ ಹತ್ತಿದೆವು. ಹಿಮ ಗಟ್ಟಿ, ಹಿಂದಿನವರ ಕಾಲಿನ ಗುರುತು ಮೆಟ್ಟಿಲಿನಂತಿತ್ತು. ನನ್ನ ಕಾಲಲ್ಲಿ ಬಾಡಿಗೆ ಕ್ರಾಂಪಾನ್, ಕೈಯಲ್ಲಿ ಐಸ್ ಆಕ್ಸ್, ಜಾರಿದರೆ ಹಿಮಕ್ಕೆ ಚುಚ್ಚಿ ನಿಲ್ಲುವ ಕೊಡಲಿ. ಅದನ್ನು ಬಳಸೋಕೆ ಹಿಂದಿನ ಶನಿವಾರ ಯೂಟ್ಯೂಬ್‌ನಲ್ಲಿ ಕಲಿತಿದ್ದೆ, ಅಂದರೆ ಕಲಿತಿರಲಿಲ್ಲ. ಟ್ರೇಲ್ ಕ್ರೆಸ್ಟ್ ಆಚೆ ಎರಡು ಕಡೆ ಹಿಮದ ಪಟ್ಟೆಗಳಿದ್ದವು, ಅಡ್ಡ ದಾಟುವಾಗ ಕೆಳಗೆ ನೋಡಲಿಲ್ಲ. ಶಿಖರ ಹನ್ನೊಂದೂಮುಕ್ಕಾಲಿಗೆ. ಅಲ್ಲಿ ಜಾಸ್ತಿ ಹೊತ್ತು ಕೂತೆ. ವಾಪಸ್ ಕ್ರೆಸ್ಟಿಗೆ ಬಂದಾಗ ಮೂರೂವರೆ. ಇಳಿಜಾರಿನ ಅರ್ಧಕ್ಕೆ ನೆರಳು ಬಂದಿತ್ತು. ಕೆಲವರು ಕ್ರಾಂಪಾನ್ ಬಿಚ್ಚಿ ಕೂತು ಜಾರಿಕೊಂಡು ಹೋದರು, ಒಬ್ಬ ಬಿಚ್ಚದೇ ಜಾರಿ ಪಾದ ತಿರುಚಿಕೊಂಡ, ಅದನ್ನು ನೋಡಿ ನನ್ನ ಕಾಲು ನಡುಗೋಕೆ ಶುರುವಾಯ್ತು. ಒಂದು ಬಂಡೆಯ ಮೇಲೆ ಕೂತು ನಲವತ್ತು ನಿಮಿಷ ಅತ್ತೆ. ಅರವತ್ತು ದಾಟಿದ ಒಬ್ಬರು, ಹೆಸರು ಕೇಳುವಷ್ಟೂ ಬುದ್ಧಿ ನೆಟ್ಟಗಿರಲಿಲ್ಲ, ನನ್ನ ಕೆಳಗಡೆ ನಿಂತು ಒಂದೊಂದೇ ಹೆಜ್ಜೆ ಹಿಮದಲ್ಲಿ ಒದ್ದು ಗುಂಡಿ ಮಾಡಿ, ಇಲ್ಲಿಡು, ಈಗ ಇಲ್ಲಿಡು ಅಂತ ಎರಡು ಗಂಟೆ ಇಳಿಸಿದರು. ಕೆಳಗೆ ಬಂದ ಮೇಲೆ ಅವರಿಗೆ ಒಂದು ಕೋಡುಬಳೆ ಕೊಟ್ಟೆ. ಮೂರು ದಿನ ಆದಮೇಲೆ "ಆರಾಮ" ಅಂತ ಪೋಸ್ಟ್ ಹಾಕಿದೆ.